ಹಂಗಳದಿಂದ ಗೋಪಾಲಸ್ವಾಮಿ ಬೆಟ್ಟಕ್ಕೆ

ಗುಂಡ್ಲುಪೇಟೆಯಿಂದ ಊಟಿಯ ಹೆದ್ದಾರಿ ಹಿಡಿದು ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹಾದಿ. ಮಳೆಗಾಲದಲ್ಲಿ ಇಕ್ಕೆಲದ ಹೊಲಗಳಲ್ಲಿ ಚೆಂಡು ಹೂವೂ ಸೂರ್ಯಕಾಂತಿಯೂ ಅರಳಿರುತ್ತವೆ. ಅವುಗಳ ಆಚೆ ಮಂಜು ಮುಸುಕಿ ನಿಂತಿದೆ ಬೆಟ್ಟ. ಅದರ ಎತ್ತರ 1454 ಮೀಟರ್. ಚಾಮರಾಜನಗರ ಜಿಲ್ಲೆಯ ಬಿಳಿಗಿರಿ ಸಾಲಿನಲ್ಲಿ ಇದಕ್ಕಿಂತ ಎತ್ತರದ ಶಿಖರಗಳುಂಟು. ಬಂಡೀಪುರದ ಕಾಡಿಗಾದರೋ ಇದೇ ನೆತ್ತಿ.

ನೆತ್ತಿಯ ಮೇಲಿನ ವೇಣುಗೋಪಾಲನ ಗುಡಿಯು ಹೊಯ್ಸಳ ಬಲ್ಲಾಳನ ಕಾಲದ್ದೆಂದು ಹೇಳಿ, 1315ನೆಯ ವರ್ಷವನ್ನು ಹೆಸರಿಸುವುದು ವಾಡಿಕೆ. ಕೊಳಲೂದುವ ಮೂರ್ತಿಯ ಮೇಲ್ಭಾಗದಲ್ಲಿ ತಣ್ಣನೆಯ ನೀರು ಹನಿಯುವುದನ್ನು ಭಕ್ತರು ಕಣ್ಣಿಗೊತ್ತಿಕೊಳ್ಳುತ್ತಾರೆ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿದ ನಮಗೆ ದೇವರನ್ನರಸಿ ಬೆಟ್ಟವೇರುವ ಅಗತ್ಯವಿಲ್ಲ. ಆದರೂ ನಾಡಿನ ಜನರ ಶ್ರದ್ಧೆಯನ್ನು ಗೌರವಿಸುತ್ತಲೇ ನಾವು ಮೇಲೇರಿದೆವು.

ಏರಿದ್ದು ಕಾಲ್ನಡಿಗೆಯಿಂದಲ್ಲ. ಹಿಂದಿನವರು ನಡೆದೇ ಹತ್ತುತ್ತಿದ್ದ ಈ ಬೆಟ್ಟದ ಬುಡದಲ್ಲಿ ಈಗ ಅರಣ್ಯ ಇಲಾಖೆಯ ತಡೆಯಿದೆ. ಸ್ವಂತ ವಾಹನಗಳನ್ನು ಅಲ್ಲಿಯೇ ಬಿಟ್ಟು ಸಾರಿಗೆ ಸಂಸ್ಥೆಯ ಬಸ್ಸನ್ನೇರಬೇಕು. ಸಂಜೆಗೆ ಮುನ್ನ ಎಲ್ಲರೂ ಇಳಿಯಬೇಕು. ಜೊತೆಗಿದ್ದ ಯುವಕರಿಗೆ ಇದು ಬೇಸರ ತಂದಿತು. ಬೆವರದೆ ಕಂಡ ಶಿಖರ ಶಿಖರವೇ ಎಂದು ಅವರು ಕೇಳಿದರು.

ಪ್ರಶ್ನೆ ಯೋಗ್ಯವಾದುದೇ. ಕಾಯವನ್ನು ದಂಡಿಸದೆ ಫಲವನ್ನು ಬಯಸಬಾರದೆಂದು ಕಾಯಕತತ್ತ್ವವೂ ಕಲಿಸುತ್ತದೆ. ಆದರೆ ಮೇಲಿನ ಬಯಲಿನಲ್ಲಿ ನಿಂತಾಗ ಕೆಳಗಿನ ಹುಲ್ಲುಗಾವಲಿನಲ್ಲಿ ಆನೆಗಳ ಹಿಂಡೊಂದು ಮರಿಗಳನ್ನು ನಡುವಿಟ್ಟುಕೊಂಡು ಮೇಯುತ್ತಿತ್ತು. 1941ರಲ್ಲಿ ಮೈಸೂರು ಅರಸರು ಈ ಕಾಡನ್ನು ವಿಸ್ತರಿಸಿ ಕಾಪಿಟ್ಟಾಗ ಈ ಸ್ವಾಮಿಯ ಹೆಸರಿನಿಂದಲೇ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕರೆದರು. 1973ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. 2019ರ ಫೆಬ್ರುವರಿಯ ಕಾಳ್ಗಿಚ್ಚು ಈ ಬೆಟ್ಟದ ಸೆರಗನ್ನೂ ಸುಟ್ಟಿತು. ಒಣಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು.

ನಡಿಗೆಯನ್ನು ಬಿಟ್ಟ ಯಾತ್ರಿಕನು ಕಳೆದುಕೊಳ್ಳುವುದು ಒಂದು ದಿನದ ಸಂತೋಷವನ್ನು. ಕಾಡಂಚಿನ ರೈತನಾದರೋ ಆನೆ, ಹಂದಿಗಳಿಗೆ ಬೆಳೆಯನ್ನೇ ತೆತ್ತು, ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಎಚ್ಚರವಿರುತ್ತಾನೆ. ಈ ಕಾಡು ಉಳಿದಿರುವುದಕ್ಕೆ ಹೆಚ್ಚಿನ ಬೆಲೆ ಕೊಡುತ್ತಿರುವವನು ಅವನೇ. ಅವನ ಮುಂದೆ ನಮ್ಮ ತ್ಯಾಗವೆಷ್ಟರದು?

ಆದುದರಿಂದ ಮಕ್ಕಳೊಡನೆ ಈ ಬೆಟ್ಟಕ್ಕೆ ಹೋಗುವ ಬಂಧುಗಳು ಪ್ಲಾಸ್ಟಿಕ್ಕನ್ನೂ ಗದ್ದಲವನ್ನೂ ಬುಡದಲ್ಲಿಯೇ ಬಿಟ್ಟು ಹೋಗಲಿ. ಮರಳುವಾಗ ಹಂಗಳದಲ್ಲಿ ಇಳಿದು, ಆ ಹೊಲಗಳ ಒಡೆಯರೊಡನೆ ಎರಡು ಮಾತನಾಡಲಿ. ಪ್ರಾಣಿದಯೆಯ ಪಾಠ ಆಗ ಪೂರ್ಣವಾದೀತು.