ಅಗಸಿ ಹಿಂಡಿಯ ಹಿರಿಮೆ

ಮನುಷ್ಯನ ದೇಹವು ಬಹು ಜಾಣ ಕೆಲಸಗಾರ. ಅಗತ್ಯಕ್ಕಿಂತ ಹೆಚ್ಚಾಗಿ ಉಂಡ ಅನ್ನವನ್ನೂ ಸಕ್ಕರೆಯನ್ನೂ ಅದು ಕೊಬ್ಬನ್ನಾಗಿ ಮಾರ್ಪಡಿಸಿ ಕೂಡಿಡಬಲ್ಲದು. ಆದರೆ ಇಂತಹ ಜಾಣನಿಗೂ ತಯಾರಿಸಲು ಬಾರದ ಎರಡು ಕೊಬ್ಬಿನ ಅಂಶಗಳುಂಟು. ಒಂದು ಲಿನೋಲಿಯಿಕ್ ಆಮ್ಲ, ಇನ್ನೊಂದು ಆಲ್ಫಾ ಲಿನೋಲೆನಿಕ್ ಆಮ್ಲ. ಆಹಾರದಿಂದಲೇ ಇವು ದೊರೆಯಬೇಕಾದುದರಿಂದ ಶಾಸ್ತ್ರಜ್ಞರು ಇವನ್ನು ಅತ್ಯಾವಶ್ಯಕ ಮೇದಾಮ್ಲಗಳೆಂದು ಕರೆದಿದ್ದಾರೆ.

ಈ ವಿಷಯವನ್ನು ಆರಿಸಿಕೊಳ್ಳಲು ನಮಗೊಂದು ಕಾರಣವಿದೆ. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಡಬ್ಬಿ ತೆರೆಯುವಾಗ ನಾವು ಅವರ ನಡುವೆ ಸುತ್ತಾಡುವುದು ವಾಡಿಕೆ. ರೊಟ್ಟಿಯೊಡನೆ ಬಂದ ಅಗಸಿ ಹಿಂಡಿಯನ್ನು ಕೆಲವರು ಮುಚ್ಚಳದ ಮರೆಯಲ್ಲಿ ತಿನ್ನುವರು. ಕೆಲವರು ಮುಟ್ಟದೆ ಮನೆಗೆ ಒಯ್ಯುವರು. ಕೇಳಿದರೆ, "ಕರ್ರಗೆ ಕಾಣತದರಿ ಸರ್, ಎಲ್ಲಾರೂ ನಗತಾರ" ಎಂದ ಒಬ್ಬ ಬಾಲಕ. ವಿಜಯಪುರದ ಕಡೆಯಿಂದ ಕೆಲಸವನ್ನರಸಿ ಈ ಮುಂಬಯಿಗೆ ಬಂದಾಗ ನಮ್ಮ ಗಂಟಿನಲ್ಲಿಯೂ ಅವ್ವ ಕಟ್ಟಿಕೊಟ್ಟ ಹಿಂಡಿಯೇ ಇತ್ತು. ಆದುದರಿಂದ ಆ ಮಾತು ನಮ್ಮನ್ನು ನೋಯಿಸಿತು. ನಗುವವರಿಗೆ ಕೋಪದಿಂದ ಉತ್ತರ ಕೊಡುವುದಕ್ಕಿಂತ ತಿಳಿವಳಿಕೆಯಿಂದ ಉತ್ತರ ಕೊಡುವುದು ಮೇಲು.

1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ಇಲಿಗಳಿಗೆ ಕೊಬ್ಬಿಲ್ಲದ ಆಹಾರವನ್ನಿತ್ತು ಪರೀಕ್ಷಿಸಿದರು. ಜೀವಸತ್ವಗಳಿಗೆ ಕೊರತೆ ಮಾಡಿರಲಿಲ್ಲ. ಆದರೂ ಇಲಿಗಳ ಚರ್ಮ ಹೊಟ್ಟೆದ್ದಿತು, ಬೆಳವಣಿಗೆ ಕುಂಠಿತವಾಯಿತು, ಕೊನೆಗೆ ಅವು ಸತ್ತವು. ಲಿನೋಲಿಯಿಕ್ ಆಮ್ಲವನ್ನು ಕೊಟ್ಟರೆ ಇಲಿಗಳು ಚೇತರಿಸಿಕೊಳ್ಳುವುವೆಂದು 1930ರಲ್ಲಿ ಅವರು ತೋರಿಸಿದರು. ಕೊಬ್ಬೆಂದರೆ ಬರಿಯ ಉರುವಲು ಎಂಬ ನಂಬಿಕೆ ಹೀಗೆ ಅಳಿಯಿತು.

ಎರಡನೆಯ ಆಮ್ಲವೂ ಬೇಕೆಂಬುದನ್ನು 1982ರಲ್ಲಿ ಪ್ರಕಟವಾದ ಒಂದು ವರದಿ ತಿಳಿಸಿತು. ಹೊಟ್ಟೆಗೆ ಗುಂಡು ತಗುಲಿದ ಆರು ವರ್ಷದ ಬಾಲಕಿಯೊಬ್ಬಳಿಗೆ ವೈದ್ಯರು ರಕ್ತನಾಳದ ಮೂಲಕವೇ ಆಹಾರ ಕೊಡುತ್ತಿದ್ದರು. ಅದರಲ್ಲಿ ಇದ್ದುದು ಕುಸುಬೆಯ ಎಣ್ಣೆ. ಕೆಲವು ತಿಂಗಳಲ್ಲಿ ಅವಳಿಗೆ ಕೈಕಾಲು ಜೋಮು ಹಿಡಿಯಿತು, ದೃಷ್ಟಿ ಮಸುಕಾಯಿತು, ನಡೆಯಲು ಬಾರದಾಯಿತು. ಕುಸುಬೆಯ ಬದಲಿಗೆ ಸೋಯಾ ಎಣ್ಣೆ ಕೊಟ್ಟಾಗ ಆ ತೊಂದರೆಗಳು ನೀಗಿದವು. ಆ ಕುಸುಬೆ ಎಣ್ಣೆಯಲ್ಲಿ ಮೊದಲನೆಯ ಆಮ್ಲ ಹೇರಳ, ಎರಡನೆಯದು ಅತ್ಯಲ್ಪ. ಸೋಯಾದಲ್ಲಿ ಎರಡೂ ಉಂಟು.

ಮೊದಲನೆಯದು ಚರ್ಮದೊಳಗಿನ ನೀರು ಆರಿಹೋಗದಂತೆ ಕಾಯುತ್ತದೆ. ಎರಡನೆಯದರಲ್ಲಿ ಸ್ವಲ್ಪ ಭಾಗವನ್ನು ದೇಹವು ಮಿದುಳಿಗೂ ಕಣ್ಣಿನ ಅಕ್ಷಿಪಟಕ್ಕೂ ಬೇಕಾದ ಕೊಬ್ಬನ್ನಾಗಿ ಮಾರ್ಪಡಿಸಿಕೊಳ್ಳುತ್ತದೆ. ನಗರದ ಅಡುಗೆಮನೆಗಳಲ್ಲಿ ಬಳಕೆಯಿರುವ ಶೇಂಗಾ, ಸೂರ್ಯಕಾಂತಿ ಎಣ್ಣೆಗಳಿಂದ ಮೊದಲನೆಯದು ದೊರೆಯುತ್ತದೆ. ಎರಡನೆಯದು ಬಹುಮಟ್ಟಿಗೆ ದೊರೆಯದು. ಅಗಸೆಯ ಎಣ್ಣೆಯಲ್ಲಾದರೋ ಅರ್ಧಕ್ಕಿಂತ ಹೆಚ್ಚು ಪಾಲು ಅದೇ. ಒಂದು ಚಮಚ, ಎಂದರೆ ಸುಮಾರು 7 ಗ್ರಾಂ ಅಗಸೆಯ ಪುಡಿಯಲ್ಲಿ ಅದು ಸುಮಾರು 1.5 ಗ್ರಾಂ ಇರುತ್ತದೆ. ಒಬ್ಬ ವಿದ್ಯಾರ್ಥಿಯ ದಿನದ ಅಗತ್ಯಕ್ಕೆ ಅಷ್ಟು ಸಾಕು. ಕರಾವಳಿಯವರ ಬಂಗಡೆ ಮೀನಿನಲ್ಲಿ ಮಿದುಳಿಗೆ ಬೇಕಾದ ಆ ಕೊಬ್ಬು ಸಿದ್ಧರೂಪದಲ್ಲಿಯೇ ಇದೆ.

ಇನ್ನೊಂದು ಸೋಜಿಗವನ್ನು ಕೇಳಿರಿ. ಲ್ಯಾಟಿನ್ ಭಾಷೆಯಲ್ಲಿ ಅಗಸೆಗೆ ಲೀನುಮ್ ಎಂದು ಹೆಸರು. ಲಿನೋಲಿಯಿಕ್, ಲಿನೋಲೆನಿಕ್ ಎಂಬ ಎರಡು ಶಬ್ದಗಳೂ ಹುಟ್ಟಿದ್ದು ಅದರಿಂದಲೇ. ನೀವು ನಾಚಿ ಮುಚ್ಚಿಡುವ ಕಾಳಿನ ಹೆಸರನ್ನು ಲೋಕದ ರಸಾಯನಶಾಸ್ತ್ರದ ಪುಸ್ತಕಗಳೆಲ್ಲ ಹೊತ್ತುಕೊಂಡಿವೆ!

ಹಾಗೆಂದು ಇದನ್ನು ಸಂಜೀವಿನಿಯೆಂದು ನಾವು ಸಾರುವುದಿಲ್ಲ. ಅತ್ಯಾವಶ್ಯಕವೆಂದರೆ ಅತಿಯಾಗಿ ಬೇಕೆಂದಲ್ಲ. ಅಗಸೆಯನ್ನು ಇಡಿಯಾಗಿ ನುಂಗಿದರೆ ಬಹುಪಾಲು ಜೀರ್ಣವಾಗದೆ ಹೊರಬೀಳುವುದು. ಹುರಿದು ಕುಟ್ಟಿದರೇ ಫಲ. ಕುಟ್ಟಿದ ಪುಡಿಯು ಬೇಗ ಕಮಟುವುದರಿಂದ ಸ್ವಲ್ಪಸ್ವಲ್ಪವೇ ಮಾಡಿಕೊಳ್ಳಬೇಕು.

ನಮ್ಮ ಹಿರಿಯರಿಗೆ ಮೇದಾಮ್ಲಗಳ ಹೆಸರು ತಿಳಿದಿರಲಿಲ್ಲ. ಬೆಳೆದುದನ್ನು ರುಚಿಯಾಗಿ ಉಣ್ಣುವುದು ತಿಳಿದಿತ್ತು. ಹೆಸರು ಕಲಿಯುವ ಭಾಗ್ಯ ನಿಮ್ಮದಾಗಿದೆ, ರುಚಿಯನ್ನೂ ಬಿಡಬೇಡಿರಿ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಪಕ್ಕದಲ್ಲಿ ಕುಳಿತು, ಕಾಳು ಎಷ್ಟು ಹುರಿಯಬೇಕು, ಬೆಳ್ಳುಳ್ಳಿ ಎಷ್ಟು, ಖಾರ ಎಷ್ಟು ಎಂದು ಕೇಳಿ ಬರೆದುಕೊಂಡು ಬನ್ನಿರಿ.