ಟ್ರಕಿಯ ಚಳಿಗಾಲ ಹೀಗಿರಲಿಲ್ಲ

ಟ್ರಕಿಯಲ್ಲಿ ಈಗ ಜನವರಿಯಲ್ಲೂ ಮಳೆ ಬರುತ್ತದೆ. ಮಲೆನಾಡಿನಲ್ಲಿ ಹುಟ್ಟಿದ ನನಗೆ ಮಳೆಯ ಸದ್ದೆಂದರೆ ಹಿಗ್ಗು. ಆದರೆ ಕ್ಯಾಲಿಫೋರ್ನಿಯಾದ ನೆವಾಡಾ ಕೌಂಟಿಯ ಈ ಬೆಟ್ಟದೂರಿನಲ್ಲಿ, ಸುಮಾರು 5,800 ಅಡಿ ಎತ್ತರದಲ್ಲಿ, ನಡುಚಳಿಗಾಲದ ರಾತ್ರಿ ಸೂರಿನ ಮೇಲೆ ಹನಿ ಬಿದ್ದರೆ ಸಂಕಟವಾಗುತ್ತದೆ. ಆ ತಿಂಗಳು ಇಲ್ಲಿ ಬೀಳಬೇಕಾದ್ದು ಹಿಮ.

ತೊಂಬತ್ತರ ದಶಕದಲ್ಲಿ ನಾವು ಇಲ್ಲಿಗೆ ಬಂದಾಗ ಊರಿನ ಹಳಬರು ಹಿಮದ ಲೆಕ್ಕ ಹೇಳುತ್ತಿದ್ದರು. ನಮ್ಮಮ್ಮ ಆರಿದ್ರೆ, ಪುನರ್ವಸು, ಪುಷ್ಯ ಎಂದು ಮಳೆಯ ಲೆಕ್ಕ ಇಡುತ್ತಿದ್ದಳಲ್ಲ, ಅಷ್ಟೇ ಭರವಸೆಯಿಂದ. ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಟೈರಿನ ಚೈನು ಕಾರಿನ ಡಿಕ್ಕಿಗೆ ಸೇರಬೇಕು. ಕ್ರಿಸ್‌ಮಸ್‌ಗೆ ಮನೆಯ ಮೆಟ್ಟಿಲು ಮುಚ್ಚಿಹೋಗಬೇಕು. ಏಪ್ರಿಲ್ 1ರ ಹೊತ್ತಿಗೆ ಬೆಟ್ಟದ ಹಿಮ ತುಂಬಿ ನಿಂತಿರಬೇಕು, ಜೂನ್‌ನಲ್ಲಿ ಹಳ್ಳಗಳು ದಡ ಮುಟ್ಟಿ ಹರಿಯಬೇಕು. ಪಡುವಣ ಕಡಲಿನ ಮೋಡ ಘಟ್ಟ ಹತ್ತಿ ಆಗುಂಬೆಯಲ್ಲಿ ಮಳೆಯಾಗುವ ಹಾಗೆಯೇ ಪೆಸಿಫಿಕ್‌ನ ತೇವ ಸಿಯೆರಾ ಬೆಟ್ಟ ಹತ್ತಿ ಇಲ್ಲಿ ಹಿಮವಾಗುತ್ತದೆ. ಒದ್ದೆ ಹಿಮ, ಬಲು ಭಾರ. ಬಾಗಿಲಿನೆದುರು ಅದನ್ನು ಸಲಿಕೆಯಲ್ಲಿ ಎತ್ತಿ ಸೊಂಟ ನೋಯಿಸಿಕೊಂಡವರು ಅದಕ್ಕೆ ‘ಸಿಯೆರಾ ಸಿಮೆಂಟ್’ ಎನ್ನುತ್ತಾರೆ.

ಈ ನೆಲದ ಚರಿತ್ರೆಯನ್ನು ಬರೆದದ್ದೇ ಹಿಮ. 1846ರಲ್ಲಿ ಬಂಡಿ ಹೂಡಿಕೊಂಡು ಪಶ್ಚಿಮಕ್ಕೆ ಹೊರಟ ಡೋನರ್ ತಂಡ, ಹೊತ್ತಿಗೆ ಮೊದಲೇ ಬಿದ್ದ ಹಿಮಕ್ಕೆ ಸಿಕ್ಕಿ ಇಲ್ಲಿನ ಕೆರೆಯ ಬಳಿ ಉಳಿಯಿತು. ಸಿಕ್ಕಿಬಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಬದುಕಲಿಲ್ಲ. ಅವರ ಸ್ಮಾರಕದ ಪೀಠದ ಎತ್ತರ 22 ಅಡಿ. ಆ ವರ್ಷದ ಹಿಮ ಅಷ್ಟು ಆಳವಿತ್ತೆಂದು ತೋರಿಸಲು ಹಾಗೆ ಕಟ್ಟಿದ್ದಾರೆ. ಇಪ್ಪತ್ತು ವರ್ಷದ ನಂತರ ಚೀನಾದಿಂದ ಬಂದ ಕೂಲಿಗಳು ಹಿಮದೊಳಗೇ ಸುರಂಗ ತೋಡಿಕೊಂಡು ಬದುಕುತ್ತ, ಬಂಡೆ ಕೊರೆದು ರೈಲಿಗೆ ದಾರಿ ಮಾಡಿದರು. ಆ ರೈಲು ಬಂದ ಮೇಲೆ ಚಳಿಯೇ ಇಲ್ಲಿನವರ ಕಸುಬಾಯಿತು. ಕೆರೆಗಳ ಮಂಜುಗಡ್ಡೆಯನ್ನು ಗರಗಸದಲ್ಲಿ ಕೊಯ್ದು, ಮರದ ಹೊಟ್ಟಿನಲ್ಲಿ ಹುಗಿದಿಟ್ಟು ದೂರದೂರಿಗೆ ಮಾರಿದರು. ಗಡ್ಡೆ ಕೊಯ್ಯುತ್ತಿದ್ದ ಬೋಕಾದಲ್ಲಿ 1937ರ ಜನವರಿಯಲ್ಲಿ ಮೈನಸ್ 43 ಡಿಗ್ರಿ ಸೆಲ್ಸಿಯಸ್ ಚಳಿ ದಾಖಲಾಯಿತು. ಚಾಪ್ಲಿನ್ನನ ‘ದಿ ಗೋಲ್ಡ್ ರಷ್’ ನೋಡಿದ್ದೀರಲ್ಲ, ಅದರ ಆರಂಭದಲ್ಲಿ ಹಿಮದ ಕಣಿವೆಯನ್ನು ಸಾಲುಗಟ್ಟಿ ಹತ್ತುವ ಜನ ಅಲಾಸ್ಕಾದಲ್ಲಿಲ್ಲ, ಟ್ರಕಿಯ ಹತ್ತಿರದ ಬೆಟ್ಟದಲ್ಲಿದ್ದಾರೆ. 1952ರಲ್ಲಿ ಡೋನರ್ ಕಣಿವೆಯ ಪಶ್ಚಿಮಕ್ಕೆ ಒಂದು ಪ್ರಯಾಣಿಕ ರೈಲು 226 ಜನರನ್ನು ಹೊತ್ತು ಮೂರು ದಿನ ಹಿಮದಲ್ಲಿ ಹೂತು ನಿಂತಿತ್ತು. ರೈಲ್ವೆಯಲ್ಲಿ ದುಡಿದಿದ್ದ ಪಕ್ಕದ ಮನೆಯ ಹಿರಿಯರು ಈ ಕತೆಯನ್ನು ಭಯದಿಂದಲ್ಲ, ಅಭಿಮಾನದಿಂದ ಹೇಳುತ್ತಿದ್ದರು.

ಈಗಲೂ ಹಿಮ ಬೀಳುವುದಿಲ್ಲ ಎಂದಲ್ಲ. 2023ರಲ್ಲಿ ಮನೆಗಳ ಸೂರು ಕುಸಿಯುವಷ್ಟು ಬಿತ್ತು. ಹೋದದ್ದು ಅದರ ಕ್ರಮ. ಹತ್ತಿರದ ಸೋಡಾ ಸ್ಪ್ರಿಂಗ್ಸ್‌ನಲ್ಲಿ 1946ರಿಂದ ಹಿಮ ಅಳೆಯುತ್ತಿರುವ ಪ್ರಯೋಗಾಲಯವಿದೆ. 2021ರ ಡಿಸೆಂಬರ್ ಒಂದರಲ್ಲೇ ಅಲ್ಲಿ ಸುಮಾರು 18 ಅಡಿ ಹಿಮ ಬಿತ್ತು, ಯಾವ ಡಿಸೆಂಬರಿನಲ್ಲೂ ಕಾಣದಷ್ಟು. ನಾವೆಲ್ಲ ಹಳೆಯ ಚಳಿಗಾಲ ಮರಳಿತೆಂದು ಸಂಭ್ರಮಪಟ್ಟೆವು. ಮುಂದಿನ ಮೂರು ತಿಂಗಳು ಆಕಾಶ ಬರಿದೋ ಬರಿದು. ಏಪ್ರಿಲ್ ಮೊದಲಿಗೆ ಇಡೀ ರಾಜ್ಯದಲ್ಲಿ ಉಳಿದ ಹಿಮ ವಾಡಿಕೆಯ ಶೇಕಡಾ 38. 2015ರಲ್ಲಂತೂ ಅದು ವಾಡಿಕೆಯ ಶೇಕಡಾ 5ಕ್ಕೆ ಇಳಿದು, ಹಿಮ ಅಳೆಯುವ ದಿನ ರಾಜ್ಯಪಾಲರು ಒಣಹುಲ್ಲಿನ ಮೇಲೆ ನಿಂತಿದ್ದರು.

ನೀರು ಹೇಗೆ ಬಂದರೇನು, ಹಿಮವಾದರೇನು ಮಳೆಯಾದರೇನು ಎಂದು ಊರಿನಿಂದ ಬಂದ ನೆಂಟರು ಕೇಳುತ್ತಾರೆ. ಹಿಮ ಈ ಸೀಮೆಯ ಕಣಜ. ಬೇಸಿಗೆಯಲ್ಲಿ ಇಲ್ಲಿ ಮಳೆ ಬಲು ಕಡಿಮೆ. ಚಳಿಗಾಲದಲ್ಲಿ ಕೂಡಿಟ್ಟದ್ದು ಏಪ್ರಿಲ್‌ನಿಂದ ಜುಲೈವರೆಗೆ ಸ್ವಲ್ಪ ಸ್ವಲ್ಪವೇ ಕರಗಿ ಯೂಬಾ ನದಿಗೂ ಟ್ರಕಿ ನದಿಗೂ ಇಳಿಯುತ್ತಿತ್ತು. ಮಳೆ ಹಾಗೆ ಕಾಯುವುದಿಲ್ಲ. ಬಿದ್ದ ದಿನವೇ ಹರಿದುಹೋಗುತ್ತದೆ, ಹಿಮದ ಮೇಲೆ ಬಿದ್ದರೆ ಅದನ್ನೂ ಕರಗಿಸಿ ಕೊಂಡೊಯ್ಯುತ್ತದೆ. 1997ರ ಹೊಸವರ್ಷದ ನೆರೆ ಬಂದದ್ದು ಹಾಗೆಯೇ. ಆಮೇಲೆ ಉದ್ದದ ಒಣ ಬೇಸಿಗೆ, ಕಾಡಿಗೆ ಬೆಂಕಿ. ನನ್ನ ಮಕ್ಕಳು ಸೆಪ್ಟೆಂಬರ್ ಎಂದರೆ ಹಳದಿ ಎಲೆಯ ತಿಂಗಳು ಎಂದು ಬೆಳೆದವರು. ಮೊಮ್ಮಗಳಿಗೆ ಅದು ಹೊಗೆಯ ತಿಂಗಳು, ಕಿಟಕಿ ಮುಚ್ಚಿಕೊಂಡು ಒಳಗೇ ಆಡುವ ತಿಂಗಳು. ಇದನ್ನು ಬರೆಯುವಾಗ ನನಗೆ ನಿಜಕ್ಕೂ ದುಃಖವಾಗುತ್ತದೆ.

ಭೂಮಿಯ ಬಿಸಿ ಏರಿದಂತೆ ಹಿಮದ ಗೆರೆ ಬೆಟ್ಟದ ಮೇಲಕ್ಕೆ ಸರಿಯುತ್ತಿದೆ. ಅಮೆರಿಕದ ಪಶ್ಚಿಮ ಭಾಗದಲ್ಲಿ ಹಿಮ ಅಳೆಯುವ ಹತ್ತರಲ್ಲಿ ಒಂಬತ್ತು ಕಡೆ ಕಳೆದ ಶತಮಾನದ ನಡುವಿನಿಂದ ಇಳಿಕೆಯೇ ಕಂಡಿದೆ. ಇದು ಒಂದೆರಡು ಕೆಟ್ಟ ವರ್ಷಗಳ ಮಾತಲ್ಲ.

ಬೇ ಏರಿಯಾದ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಹಿಮ ತೋರಿಸಲು ಇಂಟರ್‌ಸ್ಟೇಟ್ 80 ಹಿಡಿದು ಇಲ್ಲಿಗೇ ಬರುತ್ತೀರಿ. ಬನ್ನಿ, ಮಕ್ಕಳನ್ನೂ ಕರೆತನ್ನಿ. ಹಿಮದಲ್ಲಿ ಜಾರಿ ಆಡಿದ ಮೇಲೆ ಅವರನ್ನು ಆ 22 ಅಡಿಯ ಪೀಠದ ಬುಡದಲ್ಲಿ ನಿಲ್ಲಿಸಿ. ಸ್ಯಾನ್ ಫ್ರಾನ್ಸಿಸ್ಕೋದ ನಿಮ್ಮ ಮನೆಯ ನಲ್ಲಿಗೆ ಬರುವುದು ಬಹುಪಾಲು ಇದೇ ಸಿಯೆರಾದ ಹಿಮ ಕರಗಿದ ನೀರು ಎಂದು ತಿಳಿಸಿ ಹೇಳಿ.