ಕರೆಯದ ಹಸುಗಳ ಕೊಟ್ಟಿಗೆ

ಹಸುವನ್ನು ಸಾಕಿಯೂ ಹಾಲನ್ನು ಕರೆಯದ ಮನೆಯೊಂದು ಲೋಕದಲ್ಲಿ ಇದ್ದೀತೆಂಬುದು, ತುಮಕೂರು ಸೀಮೆಯ ಒಕ್ಕಲು ಮನೆಯೊಂದರಲ್ಲಿ ಹುಟ್ಟಿ, ಬೆಳಗಾಗುವುದೆಂದರೆ ಚೆಂಬಿನೊಳಗೆ ಹಾಲಿನ ಧಾರೆ ಬೀಳುವ ಸದ್ದಿಗೆ ಕಣ್ಣು ತೆರೆಯುವುದೆಂದೇ ತಿಳಿದು ಬೆಳೆದ ನನಗೆ, ಅಮೆರಿಕದ ನೆಬ್ರಾಸ್ಕ ಸಂಸ್ಥಾನದಲ್ಲಿರುವ ಮಗನ ಮನೆಗೆ ಬರುವವರೆಗೆ ಹೊಳೆದಿರಲಿಲ್ಲ. ನೆರೆಯ ರೈತನ ಬಳಿ ನಲವತ್ತರಷ್ಟು ಹಸುಗಳಿವೆ. ಕೆಂಪು ಮೈಯ ಬಿಳಿ ಮುಖದ ಹೆರೆಫರ್ಡ್ ಕೆಲವು, ಕೋಡಿಲ್ಲದ ಅಚ್ಚಗಪ್ಪಿನ ಆಂಗಸ್ ಕೆಲವು. ಹಾಲು ಕರೆಯುವ ಪಾತ್ರೆ ಮಾತ್ರ ಆ ಕೊಟ್ಟಿಗೆಯಲ್ಲಿ ಒಂದೂ ಇಲ್ಲ. ಇವು ಮಾಂಸಕ್ಕಾಗಿ ಸಾಕಿದ ದನಗಳು. ಸ್ಯಾಂಡ್‌ಹಿಲ್ಸ್ ಎಂದು ಕರೆಯುವ ಈ ಪ್ರಾಂತವಾದರೋ ಮರಳ ದಿಬ್ಬಗಳ ಮೇಲೆ ಹುಲ್ಲು ಹಬ್ಬಿ ನಿಂತ ನೆಲ. ನೇಗಿಲು ತಾಗಿಸಿದರೆ ಮರಳು ಗಾಳಿಗೆ ಎದ್ದು ಹೋಗುವುದರಿಂದ ಬಹುಪಾಲು ಮೇವಿಗೆ ಹೊರತು ಬೇರಾವುದಕ್ಕೂ ಒದಗದು.

ನಮ್ಮಲ್ಲಿ ಹಸು ಯಾವ ಮಾಸದಲ್ಲಾದರೂ ಈಯುವುದುಂಟು. ಇಲ್ಲಿ ಹೋರಿಯನ್ನು ಜೂನ್ ತಿಂಗಳ ಮೊದಲಲ್ಲಿ ಮಂದೆಗೆ ಬಿಡುತ್ತಾರಾದ್ದರಿಂದ, ಗರ್ಭಧಾರಣೆಯ 283 ದಿನಗಳು ತುಂಬುವ ಹೊತ್ತಿಗೆ ಮಾರ್ಚಿಯ ನಡುಭಾಗ ಬಂದು, ಅಲ್ಲಿಂದಾಚೆಗೆ ಒಂದೆರಡು ತಿಂಗಳು ಕೊಟ್ಟಿಗೆಯೆಲ್ಲ ಒಂದೇ ಬಾಣಂತಿಕೋಣೆಯಾಗುತ್ತದೆ. ಮೇ ತಿಂಗಳಲ್ಲಿ ಎಳೆಹುಲ್ಲು ಚಿಗುರುವಾಗ ತಾಯಿಯ ಕೆಚ್ಚಲಿಗೂ ಕರುವಿನ ಹಸಿವಿಗೂ ಸರಿಹೊಂದಲಿ ಎಂಬುದು ಇದರ ಉದ್ದೇಶ. ಆದರೆ ಮಾರ್ಚಿಯ ರಾತ್ರಿ ಇಲ್ಲಿ ವಸಂತದ ರಾತ್ರಿಯಲ್ಲ. ತೊಯ್ದ ಮೈಯಲ್ಲಿ ಭೂಮಿಗೆ ಬಿದ್ದ ಕರುವಿನ ಕಿವಿಯ ತುದಿ ಹೆಪ್ಪುಗಟ್ಟಿ ಉದುರಿಹೋಗುವಷ್ಟು ಚಳಿ. ಆದುದರಿಂದ ರೈತನು ಎರಡು ಮೂರು ಗಂಟೆಗೊಮ್ಮೆ ಎದ್ದು, ಚೊಚ್ಚಲ ಕಡಸುಗಳ ಬಳಿ ವಿಶೇಷವಾಗಿ ನಿಂತು ನೋಡಿ ಬರಬೇಕು. ಕೆನಡಾದ ಮ್ಯಾನಿಟೋಬ ಪ್ರಾಂತದ ಗಸ್ ಕೋನೆಫಲ್ ಎಂಬ ರೈತನು, ಮೇವನ್ನು ಸಂಜೆ ಕತ್ತಲಾದ ಮೇಲೆ ಹಾಕಿದರೆ ಹೆಚ್ಚಿನ ಹಸುಗಳು ಹಗಲಿನಲ್ಲಿಯೇ ಈಯುತ್ತವೆಂಬುದನ್ನು 1970ರ ದಶಕದಲ್ಲಿ ಕಂಡುಕೊಂಡನು. ನಮ್ಮ ನೆರೆಯ ರೈತನೂ ಅದನ್ನು ಪಾಲಿಸುತ್ತಾನೆ. ಆದರೂ ರಾತ್ರಿಯನ್ನೇ ಆರಿಸಿಕೊಳ್ಳುವ ಹಸುಗಳು ಇದ್ದೇ ಇರುತ್ತವೆ.

ಅಂಥದೊಂದು ಕಡಸಿನ ಹೆರಿಗೆಯನ್ನು ನಾನು ಬಳಿಯಲ್ಲಿ ನಿಂತು ಕಂಡೆ. ಬಾಲದ ಬುಡದ ಎರಡೂ ಪಕ್ಕ ಸಡಿಲಿ ಗುಳಿಬಿದ್ದಿತ್ತು. ಕೆಚ್ಚಲು ಬಿಗಿದು ಮೊಲೆಗಳು ಮೇಣ ಮೆತ್ತಿದಂತೆ ಹೊಳೆಯುತ್ತಿದ್ದವು. ನೀರುಚೀಲ ಒಡೆದು ಬಹಳ ಹೊತ್ತಾದರೂ ಎರಡು ಗೊರಸುಗಳ ತುದಿಯಲ್ಲದೆ ಬೇರೇನೂ ಹೊರಬಾರದಿರಲಾಗಿ, ರೈತನು ತೋಳನ್ನು ತೊಳೆದುಕೊಂಡು ಒಳಗೆ ಕೈಯಿಟ್ಟು, ಮುಂಗಾಲುಗಳ ಮೇಲೆ ಮೂತಿ ಒರಗಿರುವುದನ್ನು ತಡವಿ ತಿಳಿದು, ನಿಟ್ಟುಸಿರೊಂದನ್ನು ಬಿಟ್ಟನು. ಕಾಲುಗಳಿಗೆ ಸಣ್ಣ ಸರಪಳಿಯನ್ನು ಸುತ್ತಿ, ಕಡಸು ತಿಣುಕಿದಾಗ ಮಾತ್ರ ಎಳೆದು, ಅದು ಸುಮ್ಮನಾದಾಗ ತಾನೂ ಸುಮ್ಮನಾಗಿ, ಭುಜ ದಾಟಿದೊಡನೆ ಎಳೆತವನ್ನು ಕೆಳಮುಖವಾಗಿಸಿದನು. ಕರು ಜಾರಿ ಬಿದ್ದು ಅಲುಗದೆ ಮಲಗಿತು. ಆತನು ಒಣಹುಲ್ಲಿನ ಕಡ್ಡಿಯನ್ನು ಅದರ ಮೂಗಿನ ಹೊಳ್ಳೆಗೆ ತೂರಿಸಿದನು. ಕರು ಸೀನಿತು, ತಲೆ ಕೊಡವಿತು. ನಮ್ಮಜ್ಜಿ ಮಾಡುತ್ತಿದ್ದುದೂ ಇದೇ. ಕಡ್ಡಿ ಮಾತ್ರ ರಾಗಿಹುಲ್ಲಿನದು.

ಗಿಣ್ಣು ಇಲ್ಲಿ ಪೂರ್ತಿಯಾಗಿ ಕರುವಿನದು. ಮನುಷ್ಯಶಿಶುವಿಗೆ ಬರುವಂತೆ ಕರುವಿಗೆ ಗರ್ಭದಲ್ಲಿಯೇ ತಾಯಿಯಿಂದ ರೋಗನಿರೋಧಕ ಶಕ್ತಿ ಇಳಿದು ಬರುವುದಿಲ್ಲ. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಕುಡಿದ ಗಿಣ್ಣಿನಿಂದಲೇ ಬರತಕ್ಕದ್ದು, ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳಲಾರದು. ಬೆಲ್ಲ ಏಲಕ್ಕಿ ಹಾಕಿ ಕಾಸಿದ ಗಿಣ್ಣನ್ನು ನೆರೆಮನೆಗಳಿಗೆ ಹಂಚಿ ಹಿಗ್ಗುತ್ತಿದ್ದ ನಾವು, ಕರುವಿಗೆ ಮೊದಲು ಕುಡಿಸಿಯೇ ಕರೆಯುತ್ತಿದ್ದೆವಾದರೂ, ಎಷ್ಟನ್ನು ಉಳಿಸಿದೆವೆಂದು ಅಳೆದವರಲ್ಲ.

ಅದೇ ವಾರ ಒಂದು ಹಸುವಿನ ಕರು ಸತ್ತಿತು. ಮತ್ತೊಂದು ಅವಳಿಯನ್ನು ಈದಿತು. ರೈತನು ಸತ್ತ ಕರುವಿನ ಚರ್ಮವನ್ನು ಸುಲಿದು, ಅವಳಿಗಳಲ್ಲೊಂದರ ಮೈಗೆ ಅಂಗಿಯಂತೆ ತೊಡಿಸಿ, ಕರು ಕಳೆದುಕೊಂಡ ಹಸುವಿನ ಮುಂದೆ ಬಿಟ್ಟನು. ಹಸು ಒಮ್ಮೆ ಒದೆಯಿತು. ಬಾಲದ ಬುಡವನ್ನು ಬಹಳ ಹೊತ್ತು ಮೂಸಿತು. ಕೊನೆಗೆ ಗಂಟಲೊಳಗಿನಿಂದ, ಬಾಣಂತಿ ಹಸು ತನ್ನ ಕರುವಿಗಲ್ಲದೆ ಮತ್ತಾರಿಗೂ ಹೊರಡಿಸದ ಆ ತಗ್ಗಿದ ದನಿಯನ್ನು ತೆಗೆದು ನೆಕ್ಕತೊಡಗಿತು. ನನಗೆ ನೆನಪಾದುದು ನಮ್ಮೂರ ಹುಲ್ಲುಗರು. ಕರು ಸತ್ತ ಹಸು ತೊರೆ ಬಿಡದೆಂದು ಅದರ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸಿ, ತಾಯಿ ಅದನ್ನು ನೆಕ್ಕುತ್ತಿರಲು ನಾವು ಹಾಲನ್ನು ಕರೆದುಕೊಳ್ಳುತ್ತಿದ್ದೆವು. ಎರಡೂ ವಂಚನೆಯೇ, ಆದರೆ ಇಲ್ಲಿ ಆ ಚರ್ಮದೊಳಗೆ ಹಸಿದ ಒಂದು ಜೀವವಿತ್ತು.

ಶರದೃತುವಿನಲ್ಲಿ, ಆರೇಳು ತಿಂಗಳಾದ ಕರುಗಳನ್ನು ತಾಯಿಯಿಂದ ಅಗಲಿಸಿ ಹರಾಜಿಗೆ ಸಾಗಿಸುತ್ತಾರೆ. ತಾಯಂದಿರು ಎರಡು ಮೂರು ದಿನ ಬೇಲಿಯುದ್ದಕ್ಕೂ ಕೂಗುತ್ತ ನಡೆದಾಡುತ್ತವೆ. ಇದನ್ನು ಬಲ್ಲ ನಾನು, ಈ ಮಾರ್ಗದ ಕೊನೆಯನ್ನು ನೆನೆದು ನೋಯುತ್ತೇನೆ. ಆ ಮಾಂಸವನ್ನು ನಾನು ತಿನ್ನುವವನಲ್ಲ. ಆದರೆ ಚಳಿಯಿಂದ ಸೆಡೆತುಹೋದ ಕರುವನ್ನು ಹೊತ್ತು ತಂದು, ತನ್ನ ಸ್ನಾನದ ತೊಟ್ಟಿಯಲ್ಲಿ ಬೆಚ್ಚನೆಯ ನೀರಿನೊಳಗೆ ಅದರ ತಲೆಯನ್ನು ಎತ್ತಿಹಿಡಿದು ಬೆಳಗಿನವರೆಗೆ ಕುಳಿತವನ ಮುಖದಲ್ಲಿ ಲಾಭನಷ್ಟದ ಎಣಿಕೆಯೊಂದೇ ಇತ್ತೆಂದು ಹೇಳಲು ನನ್ನ ನಾಲಗೆ ಏಳದು. ಟ್ರ್ಯಾಕ್ಟರು ಬಂದ ಮೇಲೆ ನಮ್ಮ ಕೇರಿಯ ಗಂಡುಕರುಗಳು ಎತ್ತ ಹೋದವೆಂದು ಕೇಳದೆ ಹಾಲನ್ನು ಮಾತ್ರ ಕಾಸಿ ಕುಡಿದವರು ನಾವು. ಆ ಮೌನಕ್ಕಿಂತ ಈತನ ಬಯಲಾದ ಲೆಕ್ಕವೇ ನನಗೆ ಮೇಲೆನಿಸುತ್ತದೆ.

ಅವಳಿಗರುವಿಗೆ ತೊಡಿಸಿದ ಚರ್ಮವನ್ನು ಮೂರು ದಿನಗಳ ಮೇಲೆ ತೆಗೆದುಹಾಕಿದರು. ಹಸು ಅದನ್ನು ಗಮನಿಸಲೂ ಇಲ್ಲ. ಆ ಅವಳಿಗಳೆರಡೂ ಹೆಣ್ಣು. ಜೊತೆಗೆ ಹುಟ್ಟಿದುದು ಗಂಡಾಗಿದ್ದರೆ ಹೆಣ್ಣುಗರು ಬಹುಮಟ್ಟಿಗೆ ಬಂಜೆಯಾಗುತ್ತದೆ. ಆ ಭಯವಿಲ್ಲದ್ದರಿಂದ ರೈತನು ಚರ್ಮ ತೊಟ್ಟಿದ್ದ ಕರುವನ್ನು ಹರಾಜಿಗೆ ಕಳಿಸದೆ ಮಂದೆಗೇ ಉಳಿಸಿಕೊಳ್ಳುವುದಾಗಿ ಹೇಳಿ, ಕಿವಿಗೆ ಬಿಲ್ಲೆ ಹಾಕುವಾಗ ಹೆತ್ತವಳ ಸಂಖ್ಯೆಯನ್ನು ಬಿಟ್ಟು ಸಾಕಿದವಳ ಸಂಖ್ಯೆಯನ್ನೇ ಬರೆದನು.